ಬೇಲಿಯೊಳಗಿನ ಹುಲ್ಲು

ದಹಿಸರ್ ಸ್ಟೇಷನ್ನಿನ ಪೂರ್ವಕ್ಕೆ, ಚಾಳುಗಳು ಮುಗಿದು ಗುಡ್ಡ ಶುರುವಾಗುವಲ್ಲಿ, ಮಲ್ಲಕ್ಕ ಹದಿಮೂರು ವರ್ಷ ಹುಲ್ಲು ಕೊಯ್ದಳು. ಕಲಬುರ್ಗಿ ಕಡೆಯ ಹೆಂಗಸು. ಗಂಡ ಬಸವಂತರಾಯ ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ವಾಚ್‌ಮನ್. ಅವನು ಊಟದ ಡಬ್ಬಿ ಹಿಡಿದು ಲೋಕಲ್ ರೈಲು ಹತ್ತಿದ ಮೇಲೆ ಇವಳು ಕುಡುಗೋಲು ಹಿಡಿದು ಗುಡ್ಡ ಹತ್ತುವಳು. ಮಧ್ಯಾಹ್ನದೊಳಗೆ ಎರಡು ಹೊರೆ ಇಳಿಸಿ ಹಾಲು ಮಾರುವವರ ಕೊಟ್ಟಿಗೆಯಾದ ತಬೇಲಾದ ಎಮ್ಮೆಗಳ ಮುಂದೆ ಹಾಕಿ ಕಾಸು ಪಡೆಯುವಳು.

ಬಂದ ಹೊಸತರಲ್ಲಿ ಗುಡ್ಡಕ್ಕೆ ಹೋಗುವುದೆಂದರೆ ಹಿತ್ತಲಿಗೆ ಹೋಗಿಬಂದಷ್ಟೇ ಸಲೀಸು. ಮಳೆಗಾಲ ಮುಗಿಯುವ ಹೊತ್ತಿಗೆ, ಅಲ್ಲಿನವರು ಮಾರ್ವೇಲ್ ಎಂದು ಕರೆಯುವ ಮೆತ್ತನೆಯ ಹುಲ್ಲು ಮೊಳಕಾಲು ಮುಚ್ಚಿ ನಿಲ್ಲುತ್ತಿತ್ತು. ಹೊರೆ ಇಳಿಸುವ ಮೊದಲೇ ಎಮ್ಮೆಗಳು ಕತ್ತು ಚಾಚುತ್ತಿದ್ದವು.

ಎಂಬತ್ತನಾಲ್ಕು, ಎಂಬತ್ತೈದರ ಸುಮಾರಿಗೆ ಎಲ್ಲ ಏರುಪೇರಾಯಿತು. ಜೂನ್ ಮೊದಲ ವಾರ ಎರಡು ದಿನ ಧೋ ಎಂದು ಸುರಿದು ಗಟಾರ ತುಂಬಿಸಿ ಹೋದ ಮಳೆ ಆಮೇಲೆ ಇಪ್ಪತ್ತು ದಿನ ಮುಖ ತೋರಿಸುತ್ತಿರಲಿಲ್ಲ. ಮೊಳೆತದ್ದೆಲ್ಲ ಬಿಸಿಲಿಗೆ ಕಮರುತ್ತಿತ್ತು. ದಸರೆಯ ಆಚೆ, ತೆನೆ ಬಲಿತು ಬೀಜ ಉದುರುವ ಕಾಲಕ್ಕೆ ಬೇಡದ ಮಳೆ ಬಂದು ಕೊಳೆಸುತ್ತಿತ್ತು. ಮಾರ್ವೇಲ್ ಇದ್ದ ಕಡೆ ಮುಳ್ಳುತೆನೆಯ ಕುಸಳಿ ಹುಲ್ಲು ಬಂತು. ಅದರ ಬೆನ್ನಿಗೆ ದನ ಮೂಸಿಯೂ ನೋಡದ ತಗಚೆ ಗಿಡ.

"ಯೇ ಕ್ಯಾ ಲಾಯೀ, ಮಲ್ಲಾಬಾಯಿ? ಭೈಂಸ್ ಕೋ ಚುಭತಾ ಹೈ," ಎಂದು ತಬೇಲಾ ನಡೆಸುವ ಭಯ್ಯಾ ಒಂದು ದಿನ ಹೊರೆಯನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿದ. ಎಮ್ಮೆಯ ಬಾಯಿಗೆ ಚುಚ್ಚುವ ಆ ಮುಳ್ಳು ಅವಳ ಸೀರೆ ದಾಟಿ ತೊಡೆಯವರೆಗೂ ಚುಚ್ಚಿತ್ತು. ಅದನ್ನು ಅವನಿಗೆ ಹೇಳಿ ಏನಾಗಬೇಕು? ಮರುದಿನದಿಂದ ಅವಳು ಎರಡನೆಯ ಗುಡ್ಡಕ್ಕೆ ಹೋದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಮೂರನೆಯದಕ್ಕೆ. ಎರಡು ಹೊರೆ ಒಂದಾಯಿತು.

ಜೊತೆಗೆ ಕೊಯ್ಯುತ್ತಿದ್ದ ದೇವಕ್ಕ ಒಮ್ಮೆ ಅಂದಿದ್ದಳು: "ನೀ ಬುಡಕ್ಕ ಹಚ್ಚಿ ಕೊಯ್ತಿ, ಮಲ್ಲವ್ವಾ. ಹಂಗ ಕೊಯ್ದರ ಬೇರು ಸಾಯ್ತದ."

ಆ ಮಾತು ಮಲ್ಲಕ್ಕನ ಎದೆಯಲ್ಲಿ ಹೂತು ಕೂತಿತು. ಹೌದು, ಹೊರೆ ಬೇಗ ತುಂಬಲೆಂದು ಅವಳು ಎಷ್ಟೋ ಸಲ ಬುಡ ಕೆರೆದಿದ್ದಳು. ಬೋಳಾದ ಇಳಿಜಾರು ಕಂಡಾಗಲೆಲ್ಲ ಇದು ತನ್ನದೇ ಪಾಪ ಅನ್ನಿಸುತ್ತಿತ್ತು.

ಎಂಬತ್ತಾರರಲ್ಲಿ ಶಾಮಲಾ ಗುಡ್ಡಕ್ಕೆ ಬಂದರು. ಮೈಸೂರಿನವರು, ಬೊರಿವಲಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಇಳಿಜಾರಿನಲ್ಲಿ ಇನ್ನೂ ಮಾರ್ವೇಲ್ ಉಳಿದಿದ್ದ ಒಂದು ತುಂಡು ನೆಲ ಹುಡುಕಿ, ಪರವಾನಗಿ ತಂದು, ಸುತ್ತ ಮುಳ್ಳುತಂತಿ ಹಾಕಿಸಿದರು.

"ಕೊಯ್ಯದೆ, ಮೇಯಿಸದೆ ಬಿಟ್ರೆ ಹುಲ್ಲು ಹೆಚ್ಚತ್ತಾ ನೋಡೋಣ, ಮಲ್ಲಕ್ಕ. ಐದು ವರ್ಷ. ನೀವು ದಿನಾ ಈ ಕಡೆಯೇ ಬರ್ತೀರಲ್ಲ, ಸ್ವಲ್ಪ ಕಣ್ಣಿಟ್ಟಿರ್ತೀರಾ?"

"ಇಡ್ತೀನ್ರಿ ಬಾಯಾರ," ಎಂದಳು ಮಲ್ಲಕ್ಕ. ಅಲ್ಲಿ ಹುಲ್ಲು ಹೆಚ್ಚಿದರೆ ತನ್ನ ತಪ್ಪು ಸಾಬೀತಾಗುತ್ತದೆಂದು ಗೊತ್ತಿತ್ತು. ಆದರೂ ಹೆಚ್ಚಲಿ ಎಂದೇ ಬಯಸಿದಳು. ಮುಂದೆ ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದರಾಯಿತು.

ಐದು ವರ್ಷ ಕಾದಳು. ತಂತಿ ಸಡಿಲವಾದಾಗ ಕಲ್ಲಿನಿಂದ ಗೂಟ ಬಡಿದಳು, ಅತ್ತ ಬಂದ ಎಮ್ಮೆಗಳನ್ನು ಬೈದು ಅಟ್ಟಿದಳು. ಹೊರೆ ಅರ್ಧವೇ ಆದ ದಿನವೂ ಬೇಲಿಯೊಳಗೆ ಕೈ ಹಾಕಲಿಲ್ಲ. ವರ್ಷಕ್ಕೊಮ್ಮೆ ಮಳೆಗಾಲದ ಕೊನೆಗೆ ಶಾಮಲಾ ಕಬ್ಬಿಣದ ಚೌಕಟ್ಟೊಂದನ್ನು ನೆಲದ ಮೇಲಿಟ್ಟು ಅದರೊಳಗಿನ ಬುಡಗಳನ್ನು ಎಣಿಸುವರು. ಮಲ್ಲಕ್ಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದರ ಹೆಸರು ಹೇಳುವಳು. ವರ್ಷ ವರ್ಷವೂ ಅವಳು ಮಾರ್ವೇಲ್ ಎನ್ನುವುದು ಕಡಿಮೆಯಾಯಿತು.

ತೊಂಬತ್ತೊಂದರಲ್ಲಿ ಕೊನೆಯ ಎಣಿಕೆ. ಚೌಕಟ್ಟನ್ನು ಹತ್ತು ಕಡೆ ಇಟ್ಟರೂ ಸಿಕ್ಕಿದ್ದು ಮಾರ್ವೇಲಿನ ಎರಡೇ ಬುಡ. ಶಾಮಲಾ ಪುಸ್ತಕ ಮುಚ್ಚಿ ನೆಲದ ಮೇಲೆ ಕೂತುಬಿಟ್ಟರು.

"ಯಾರೂ ಕೈ ಹಚ್ಚಿಲ್ರಿ," ಮಲ್ಲಕ್ಕ ಗಾಬರಿಯಿಂದ ಅಂದಳು. "ಒಂದ್ ಕರಾನೂ ಒಳಗ ಬಿಟ್ಟಿಲ್ಲ. ನನ್ನ ಮ್ಯಾಲ ಸಂಶೆ ಮಾಡಬ್ಯಾಡ್ರಿ."

"ಅಯ್ಯೋ, ನಿಮ್ಮ ಮೇಲೆ ಯಾಕೆ? ತಂತಿ ಎಲ್ಲೂ ಬಗ್ಗಿಲ್ಲ. ಬೇಲಿಯಿಂದ ಹೊರಗಡೆ ಕುಡುಗೋಲಿನ ಪಾಲೂ ಸ್ವಲ್ಪ ಇರಬಹುದು. ಆದ್ರೆ ಇಲ್ಲಿ ಕೊಯ್ದೇ ಇಲ್ವಲ್ಲ! ಮಳೆ ಬರೋ ರೀತಿಯೇ ಬದಲಾಗಿದೆ, ಕಾವೂ ಜಾಸ್ತಿ. ಈ ಹುಲ್ಲಿಗೆ ತಡ್ಕೊಳ್ಳಕ್ಕೆ ಆಗ್ತಿಲ್ಲ ಅನ್ಸತ್ತೆ."

"ಅಂದ್ರ ನಾ ಬುಡಕ್ಕ ಕೊಯ್ದಿದ್ದಕ್ಕ ಸತ್ತಿಲ್ಲ?"

"ಬರೀ ಅದಕ್ಕೇ ಸತ್ತಿದ್ದಲ್ಲ, ಮಲ್ಲಕ್ಕ."

ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಬದಲಿಗೆ ಇಷ್ಟು ವರ್ಷ ಹೊತ್ತ ಹೊರೆಗಳೆಲ್ಲ ಒಟ್ಟಿಗೇ ಕತ್ತಿನ ಮೇಲೆ ಕೂತಂತೆ ಸುಸ್ತಾಯಿತು. ತಪ್ಪು ತನ್ನದಾಗಿದ್ದರೆ ತಾನೇ ತಿದ್ದಿಕೊಳ್ಳಬಹುದಿತ್ತು.

"ಮಳಿಗಿ ಯಾರು ಬುದ್ಧಿ ಹೇಳಬೇಕ್ರಿ?" ಎಂದು ಕೇಳಿದಳು.

"ನಾನು ಬರೀತೀನಿ," ಎಂದರು ಶಾಮಲಾ.

"ಓದಾವ್ರು ಯಾರ್ರಿ?"

ಶಾಮಲಾ ಸೀರೆಗೆ ಅಂಟಿದ ಕುಸಳಿಯ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದರು.

ಆ ದೀಪಾವಳಿಯ ಹೊತ್ತಿಗೆ ತಬೇಲಾಕ್ಕೆ ಹೊರಗಿನಿಂದ ಟ್ರಕ್ಕಿನಲ್ಲಿ ಒಣಹುಲ್ಲು ಬರತೊಡಗಿತು. ಇನ್ನು ಬರಬೇಡ ಎಂದು ಭಯ್ಯಾ ಮೆತ್ತಗೇ ಹೇಳಿದ. ಶಾಮಲಾ ಮಾತಾಡಿ ಬೊರಿವಲಿಯ ಉಡುಪಿ ಹೋಟೆಲೊಂದರಲ್ಲಿ ತರಕಾರಿ ಹೆಚ್ಚುವ ಕೆಲಸ ಕೊಡಿಸಿದರು. ಕೂತು ಮಾಡುವ ಕೆಲಸ. ಬೆವರು ಹೊಗೆಯ ನಡುವೆ ನೀರುಳ್ಳಿಯ ರಾಶಿ ಕರಗುವುದೇ ಇಲ್ಲ.

ಮುಂದಿನ ಮಳೆಗಾಲ ಮುಗಿದ ಮೇಲೆ, ಒಂದು ರಜೆಯ ದಿನ ಬಸವಂತರಾಯ ಅಂದ: "ಗುಡ್ಡಕ್ಕ ಹೋಗಿ ನೋಡಿ ಬರೂಣೇನು?"

"ಏನ್ ನೋಡೂದದ ಅಲ್ಲಿ?" ಎಂದಳು ಮಲ್ಲಕ್ಕ. "ಮೊಳಕಾಲ ನೋಯ್ಲಿಕತ್ತಾವ. ನೀ ಹೋಗಿ ಬಾ."

ಅವನೂ ಹೋಗಲಿಲ್ಲ. ಅವಳು ಚಾಪೆ ಹಾಸಿ ಗೋಡೆ ಕಡೆ ತಿರುಗಿ ಮಲಗಿದಳು.