ಹೆನ್ನಿಂಗ್ ಮರ್ಯಾದೆ ಕೊಟ್ಟ ದಿನ

ಹ್ಯಾಂಬರ್ಗಿನ ಮೀನುಸಂತೆಯಲ್ಲಿ ಹೆನ್ನಿಂಗನ ಬಾಯಿಗೆ ಸಿಕ್ಕದವರೇ ಇರಲಿಲ್ಲ. ಎಷ್ಟೋ ವರ್ಷದಿಂದ ಅವನ ಕೆಲಸ ಅದೇ: ಭಾನುವಾರ ಬೆಳಗಾಗುತ್ತಲೇ ಗಾಡಿಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗುವುದು, ಬಂದವರನ್ನು ಬಾಯಿಗೆ ಬಂದಂತೆ ಬೈಯುವುದು. ಬೈದಷ್ಟೂ ಜನ ಸೇರುತ್ತಿದ್ದರು. ಬೈಸಿಕೊಂಡವರ ಚೀಲಕ್ಕೆ ಒಂದು ಮೀನು ಹೆಚ್ಚಿಗೆ ಬೀಳುತ್ತಿತ್ತು. ಮನೆಯಲ್ಲಿ ಮಾತ್ರ ಆಸಾಮಿ ಮಹಾ ಮೌನಿ. "ಎಲ್ಲಾ ಸಂತೇಲೇ ಖರ್ಚು ಮಾಡ್ಕೊಂಡು ಬರ್ತೀಯ, ನನಗೆ ಒಂದು ಬೈಗುಳಾನೂ ಉಳಿಸಲ್ಲ" ಎಂದು ಹೆಂಡತಿ ಗೇಸಾ ಛೇಡಿಸುತ್ತಿದ್ದಳು.

ಮುದುಕಿ ಥೋಡೆ ಪ್ರತಿ ವಾರ ಬರುತ್ತಿದ್ದಳು. "ಬಂದ್ಯಾ, ಮುದಿ ಗೂಬೆ! ಹಲ್ಲಿಲ್ಲದ ಬಾಯಿಗೆ ಮೀನು ಬೇರೆ ಕೇಡು!" ಎಂದು ಅವನು ಕೂಗಿದರೆ ಅವಳು ಬಿದ್ದು ಬಿದ್ದು ನಗುತ್ತಾ ಚೀಲ ಚಾಚುತ್ತಿದ್ದಳು. ಗಂಡ ಸತ್ತ ಮೇಲೆ ಅವಳನ್ನು ಅಷ್ಟು ಸಲಿಗೆಯಿಂದ ಬೈಯುವವರು ಬೇರೆ ಯಾರಿದ್ದರು, ಪಾಪ!

ಗಾಡಿಯ ಹಳೆಯ ಯಜಮಾನ, "ಕೂಗೋದು ಜನರನ್ನ ಕರೆಯೋಕೆ ಕಣೋ, ಮಂಕುಬೂದಿ ಎರಚೋಕಲ್ಲ" ಎನ್ನುತ್ತಿದ್ದ. ಕೆಟ್ಟ ಮೀನನ್ನು ಕಡಲಹಕ್ಕಿಗಳಿಗೆ ಎಸೆದುಬಿಡುತ್ತಿದ್ದ. ಅವನು ತೀರಿಕೊಂಡ ಮೇಲೆ ಮಗ ಮಾರ್ಟೆನ್ ಬಂದ. ಅವನಿಗೆ ಲಾಭದ ಹುಚ್ಚು. ಒಂದು ಭಾನುವಾರ ಎಲ್ಲಿಂದಲೋ ಅಗ್ಗಕ್ಕೆ ತಂದ, ಹೊಗೆ ಹಾಕಿದ ಹಾವುಮೀನುಗಳನ್ನು ಗಾಡಿಯ ಮೇಲೆ ಸುರಿದ. ಹೆನ್ನಿಂಗ್ ಒಂದನ್ನು ಮೂಸಿ ಮುಖ ಸಿಂಡರಿಸಿದ.

"ಇದು ಕೆಟ್ಟಿದೆ. ತಿಂದವರ ಗತಿ ಏನು?"

"ತಿನ್ನೋದು ಅವರ ಕೆಲಸ, ಕೂಗೋದು ನಿನ್ನ ಕೆಲಸ. ಇವತ್ತು ಇದು ಖಾಲಿಯಾಗ್ದಿದ್ರೆ ಮುಂದಿನ ವಾರದಿಂದ ನೀನು ಬರ್ಬೇಡ."

ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಹೆನ್ನಿಂಗ್ ಗಾಡಿ ಹತ್ತಿ ಬಾಯಿ ತೆರೆದ. ಎದುರಿಗೇ ಮುದುಕಿ ಥೋಡೆ ಚೀಲ ಚಾಚಿಕೊಂಡು ನಿಂತಿದ್ದಳು.

"ನಮಸ್ಕಾರ ಅಮ್ಮಾವ್ರೇ" ಎಂದ, ಮೆಲ್ಲಗೆ. "ಆರೋಗ್ಯವಾಗಿದ್ದೀರಾ? ದಯವಿಟ್ಟು ನೋಡಿ ತಗೊಳ್ಳಿ."

ಮುದುಕಿಯ ಮುಖ ಪೆಚ್ಚಾಯಿತು. "ಯಾಕೋ? ನಾನೇನು ತಪ್ಪು ಮಾಡ್ದೆ?"

ಹಿಂದೆ ನಿಂತಿದ್ದ ಹಡಗುಕಟ್ಟೆಯ ಕೂಲಿಯೊಬ್ಬ, "ಹೆನ್ನಿಂಗ್ ಮರ್ಯಾದೆ ಕೊಡ್ತಿದಾನೆ ಅಂದ್ರೆ ಮೀನಲ್ಲಿ ಏನೋ ಐಬಿದೆ ಕಣ್ರಪ್ಪೋ!" ಎಂದ. ಜನ ನಕ್ಕರು. ನಗುತ್ತಲೇ ಮೀನು ಮೂಸಿ ನೋಡಿ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಮುದುಕಿಯ ಕಿವಿಗೆ ಮಾತ್ರ ಆ ಮಾತು ಬೀಳಲೇ ಇಲ್ಲ; ಅವನಿಗೆ ತನ್ನ ಮೇಲೇ ಮುನಿಸು ಎಂದುಕೊಂಡು ತಲೆ ತಗ್ಗಿಸಿ ಹೊರಟಳು. ಅವಳು ಮರೆಯಾಗುವವರೆಗೂ ಹೆನ್ನಿಂಗ್ ಅತ್ತಲೇ ನೋಡುತ್ತಿದ್ದ.

ಮಾರ್ಟೆನ್ ಕೆಂಡಾಮಂಡಲವಾದ. "ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲೋ!"

"ನಾನೊಂದು ಕೆಟ್ಟ ಮಾತಾಡಿದ್ನಾ, ಯಜಮಾನ್ರೇ?" ಎಂದು ಹೆನ್ನಿಂಗ್ ಏಪ್ರನ್ ಬಿಚ್ಚಿಟ್ಟು ಗಾಡಿಯಿಂದ ಇಳಿದ.

ಮುಂದಿನ ಭಾನುವಾರ ಮನೆಯಲ್ಲಿ ಕೂರಲಾಗದೆ ಸಂತೆಗೆ ಹೋದ. ಪರಿಚಯದವರ ಕಣ್ಣು ತಪ್ಪಿಸಿಕೊಂಡು ಗಾಡಿಗಳ ಹಿಂದೆ ನಡೆಯುತ್ತಿದ್ದ. ಆಗ ಒಂದು ಕೀರಲು ದನಿ ಕೇಳಿತು.

"ಏ ಮುದಿ ಕತ್ತೆ! ಆ ಮೀನು ಕೊಳೆತಿತ್ತಂತಲ್ಲೋ! ಬಾಯಿಬಿಟ್ಟು ಹೇಳೋಕೇನು ರೋಗ ನಿನಗೆ? ವಾರವಿಡೀ ನಿದ್ದೆ ಮಾಡಿಲ್ಲ ನಾನು!"

ಮುದುಕಿ ಥೋಡೆ ಅವನ ತೋಳು ಹಿಡಿದು ಪಕ್ಕದ ಗಾಡಿಯ ಮುಂದಕ್ಕೆ ಎಳೆದು ನಿಲ್ಲಿಸಿದಳು. ಆಮೇಲೆ ಇಡೀ ಸಂತೆಗೆ ಕೇಳುವಂತೆ ಅರಚಿದಳು: "ಬನ್ರೋ, ನೋಡ್ರೋ! ಈ ದರಿದ್ರದವನಿಗೆ ಸುಳ್ಳು ಹೇಳೋಕೆ ಬರಲ್ಲ! ಯಾರಾದ್ರೂ ಕೆಲಸಕ್ಕಿಟ್ಕೊಳ್ರೋ ಇವನನ್ನ!"

"ಬಾಯ್ಮುಚ್ಚೇ, ಗೂಬೆ" ಎನ್ನಹೋದ ಹೆನ್ನಿಂಗ್. ಅಳು ಬಂದು ಮಾತೇ ಹೊರಡಲಿಲ್ಲ.