ಎಡಗೈ ಮಾತ್ರ, ಎಂದರು ರೂತ್ ಸಿಸ್ಟರ್

ರೂತ್ ಸಿಸ್ಟರ್ ಮನೆಗೆ ಹೋದವರು ಕೂರುವ ಮೊದಲು ಎರಡೂ ಕೈ ಮುಂದೆ ಚಾಚಬೇಕಿತ್ತು. ಅವರು ಕನ್ನಡಕ ಏರಿಸಿ, ಅಂಗೈ ಮುಂಗೈ ತಿರುಗಿಸಿ ನೋಡಿದ ಮೇಲೆಯೇ ಚಹಾ. ನರ್ಸ್ ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ನೌಬಾದದ ಆ ಮನೆಯಲ್ಲಿ ಪಾದ್ರಿಗಳಿಗೂ ಇದರಿಂದ ವಿನಾಯಿತಿ ಇರಲಿಲ್ಲ.

ಅವ್ವ ನನ್ನನ್ನು ಅಲ್ಲಿಗೆ ಕರೆದೊಯ್ದ ದಿನ ನನ್ನ ಕೈ ನೋಡಿ ಕೇಳಿದರು: "ಎಷ್ಟು ವರ್ಷ ಆತವ್ವ ಈ ತುರಿಕಿ?"

"ಒಂಬತ್ತು ರೀ."

ಮೊಣಕೈಯಿಂದ ಬೆರಳಿನವರೆಗೆ ಚರ್ಮ ಬಿರಿದಿತ್ತು. ಭಾಲ್ಕಿಯ ಶಾಲೆಯಲ್ಲಿ ಗೆಳತಿಯರು ನನ್ನಿಂದ ಪೆನ್ನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನರ್ಸಿಂಗ್ ಸೇರಲು ನಾಲ್ಕು ತಿಂಗಳಿತ್ತು. ಇಂಥ ಕೈಯಿಂದ ಯಾವ ರೋಗಿ ಮುಟ್ಟಿಸಿಕೊಂಡಾನು? ಇದು ಅಂಟುವುದಿಲ್ಲ, ಪೂರ್ತಿ ಹೋಗುವುದೂ ಇಲ್ಲ, ಹತೋಟಿಯಲ್ಲಿಡಬಹುದು ಎಂದು ಡಾಕ್ಟರು ಮುಲಾಮು ಕೊಟ್ಟಿದ್ದರು. ಅದರ ಜೊತೆಗೆ ಅವ್ವ ಬೇವು, ಅರಿಶಿನ, ಕರ್ಪೂರದೆಣ್ಣೆ, ನಿಂಬೆರಸ ಎಲ್ಲವನ್ನೂ ಒಂದೇ ವಾರದಲ್ಲಿ ಹಚ್ಚುತ್ತಿದ್ದಳು. ನಾನು ಕೆರೆದುಕೊಂಡಾಗಲೆಲ್ಲ ಡೈರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ.

ಸಿಸ್ಟರ್ ಡೈರಿ ತಿರುವಿದರು. "ಲೆಕ್ಕ ಚಂದ ಇಟ್ಟಿದಿ. ಆದ್ರ ನಾಕು ಮದ್ದು ಕೂಡಿ ಹಚ್ಚಿದ್ರ ಯಾವುದು ಸುಧಾರಿಸ್ತು, ಯಾವುದು ಕೆಡಿಸ್ತು, ಹ್ಯಾಂಗ ಗೊತ್ತಾಗ್ಬೇಕು? ಡಾಕ್ಟರ್ ಮುಲಾಮು ಎರಡೂ ಕೈಗಿ ನಡೀಲಿ. ಮನಿ ಮದ್ದು ವಾರಕ್ಕ ಒಂದೇ. ಅದೂ ಎಡಗೈಗಿ ಮಾತ್ರ." ಅವ್ವನ ಕಡೆ ತಿರುಗಿದರು. "ನಿಂಬಿ ಬ್ಯಾಡ್ರಿ. ಮಗಳಿಗಿ ಉಪ್ಪಿನಕಾಯಿ ಹಾಕ್ತೀರೇನು?"

ಮೊದಲ ವಾರ ಕರ್ಪೂರದೆಣ್ಣೆ. ಎರಡೂ ಕೈ ಒಂದೇ ಸಮ ಕೆಟ್ಟವು! ಸಿಸ್ಟರ್ ಡೈರಿ ಬಿಟ್ಟು ನನ್ನ ಬಲಗೈ ಮೂಸಿದರು. ಆಮೇಲೆ ಅವ್ವನನ್ನು ನೋಡಿದರು. ಅವ್ವ ಸೆರಗು ತಿರುವುತ್ತ ಒಪ್ಪಿಕೊಂಡಳು: "ಒಂದು ಕೈಗಿ ಹಚ್ಚಿ ಒಂದು ಬಿಡ್ಲಾಕ ಮನಸ್ಸು ಬರ್ಲಿಲ್ರಿ. ಮಧ್ಯಾಹ್ನ ಇಕಿ ಮಲಗಿದಾಗ ಹಚ್ಚಿದ್ನಿ."

ಸಿಸ್ಟರ್ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ತಾಯಿ ಪಾಸು, ಪರೀಕ್ಷಾ ಫೇಲು! ನಾಳಿಂದ ಬಲಗೈ ಕಾಯೋ ಡ್ಯೂಟಿ ನಿಮ್ಮದೇ ರೀ."

ಅವ್ವ ಆಮೇಲೆ ಮನೆಮದ್ದು ಹಿಡಿದ ನನ್ನನ್ನೂ ಬಲಗೈ ಮುಟ್ಟಗೊಡಲಿಲ್ಲ. ಬೇವಿನ ವಾರ: ಎಡಗೈ ಮೂವತ್ತೆಂಟು ಗೆರೆ, ಬಲಗೈ ಇಪ್ಪತ್ತೊಂದು. ಅರಿಶಿನದಿಂದ ಬಟ್ಟೆ ಹಳದಿಯಾದದ್ದಷ್ಟೇ ಬದಲಾವಣೆ. ಕೊನೆಗೆ ಸಿಸ್ಟರ್ ಹೇಳಿದ್ದು ವಾಸನೆಯಿಲ್ಲದ ಸಾದಾ ವ್ಯಾಸಲಿನ್. ಸ್ನಾನವಾದ ಕೂಡಲೇ, ಮೈ ಹಸಿ ಇರುವಾಗಲೇ. ಎಡಗೈ ಒಂಬತ್ತು, ಬಲಗೈ ಇಪ್ಪತ್ತೆರಡು! ಮರುದಿನದಿಂದ ಎರಡೂ ಕೈಗೆ ಅದೇ. ಮೇ ತಿಂಗಳಲ್ಲಿ ಒಂದು ದಿನ ಒಂದೂ ಗೆರೆ ಬೀಳಲಿಲ್ಲ. ಪುಟದ ತುಂಬ ಸೊನ್ನೆ ಬರೆದುಕೊಂಡು ಬಸ್ಸು ಹತ್ತಿ ನೌಬಾದಕ್ಕೆ ಓಡಿದೆ.

"ಸೊನ್ನಿ ತಗೊಂಡು ಪಾಸಾದಾಕಿ ಜಗತ್ತಿನ್ಯಾಗ ನೀನೊಬ್ಬಾಕಿನೇ!" ಎಂದರು ಸಿಸ್ಟರ್.

ನರ್ಸಿಂಗ್ ಸೇರಿದೆ. ಚಳಿಗಾಲದಲ್ಲಿ ತುರಿಕೆ ಎರಡು ಸಲ ಮರಳಿತು. ಎರಡು ಸಲವೂ ಹೆದರದೆ ಹಿಮ್ಮೆಟ್ಟಿಸಿದೆ.

ಅಷ್ಟರಲ್ಲಿ ಸಿಸ್ಟರ್ ಔರಾದ ತಾಲ್ಲೂಕಿನ ಎಕಂಬಾಕ್ಕೆ, ತಮ್ಮನ ಮನೆಗೆ ಹೋಗಿ ನೆಲೆಸಿದ್ದರು. ರಜೆಯಲ್ಲಿ ಬಿ.ಪಿ. ಯಂತ್ರ ಹಿಡಿದು ಹೋದೆ. ಅದೇ ಕೊನೆಯ ಭೇಟಿ. ಮುಂದಿನ ರಜೆಯ ಹೊತ್ತಿಗೆ ಅವರಿರಲಿಲ್ಲ. ಅಂದು ಮಾತ್ರ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು: "ಬಿ.ಪಿ. ನೋಡಿಸ್ಕೊಳ್ಳೋರು ಬರ್ರಿ, ನಮ್ಮ ಸಿಸ್ಟರ್ ಬಂದಾಳ!"

ಹನ್ನೊಂದು ಮಂದಿ ಬಂದರು. ಒಬ್ಬೊಬ್ಬರೇ ತೋಳು ಕೊಟ್ಟು ಕೂತರು. ಮುಗಿಯಿತೆಂದು ಯಂತ್ರದ ತೋಳುಪಟ್ಟಿ ಮಡಚುವಾಗ ಮೊದಲು ಬಂದಿದ್ದ ಮುದುಕಿ ಮತ್ತೆ ಎದುರು ಕೂತಳು.

"ನಿಂದ್ ಆಗ್ಯಾದಲ್ಲವ್ವ!" ಸಿಸ್ಟರ್ ಗದರಿದರು.

"ಇರ್ಲಿ ಬಿಡ್ರಿ," ಎಂದು ಮುದುಕಿ ನನ್ನ ಕಡೆ ತೋಳು ಚಾಚಿದಳು. "ಹುಡುಗಿ ಕೈ ಚಂದ ಹಿಡೀತಾಳ."