ಪಂಚಮಿಗೆ ಬಂದ ಜಾವಾ

ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಹಳೆಯ ಯೆಜ್ಡಿ ಮೋಟಾರ್‌ಸೈಕಲ್ಲಿಗೆ ಜೀವ ಬರಿಸಿದ. ಎಣ್ಣೆ ಬೆರೆತ ಪೆಟ್ರೋಲಿನ ಹೊಗೆ ಅಡುಗೆಮನೆಯವರೆಗೂ ಬಂತು. ಹೊಗೆಯ ಹಿಂದೆ ಹುಡುಗನೂ ಬಂದು, ಹಳೆಯ ಸಾಮಾನೇನಾದರೂ ಬಿದ್ದಿದೆಯೇ ಎಂದು ಕೇಳಿದ. ಜಾವಾದ್ದಾದರೂ ನಡೆಯುತ್ತದೆ, ಎರಡೂ ಒಂದೇ ವಂಶ, ಇದರದ್ದು ಅದಕ್ಕೆ ಕೂಡುತ್ತದೆ ಎಂದು ನನಗೆ ಪಾಠ ಹೇಳಿದ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಈ ಒಂದು ಪಾಠವನ್ನು ನನಗೆ ಯಾರೂ ಹೇಳಬೇಕಾಗಿಲ್ಲ, ನೋಡಿ.

ಎಂಬತ್ತರ ದಶಕ, ನನ್ನ ಮದುವೆಯಾದ ಹೊಸತು. ಹಾವೇರಿಯಲ್ಲಿ ನಮ್ಮ ಮನೆಯವರ ಹತ್ತಿರ ಯೆಜ್ಡಿ. ಬ್ಯಾಡಗಿಯಲ್ಲಿ ನನ್ನ ಅಣ್ಣನ ಹತ್ತಿರ ಜಾವಾ. ಅಣ್ಣ ಗಾಡಿಯನ್ನು ಹೋರಿಯ ಹಾಗೆ ಸಾಕಿದ್ದ. ನಮ್ಮವರು ಓಡಿಸುವುದರಲ್ಲಿ ಶೂರರು, ಒರೆಸುವುದರಲ್ಲಿ ಅಲ್ಲ. ಪ್ರತಿ ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಅಣ್ಣ ಜಾವಾ ಹತ್ತಿ ಬರುತ್ತಿದ್ದ. ನಾನು ಅಣ್ಣನ ದಾರಿ ಕಾಯುತ್ತಿದ್ದೆ, ನಮ್ಮವರು ಗಾಡಿಯ ದಾರಿ.

ಅಣ್ಣ ಉಣ್ಣಲು ಕೂತನೆಂದರೆ ಇವರು ನಟ್ಟು ಬಿಚ್ಚುವ ಪಾನಾ ಹಿಡಿದು ಹೊರಗೆ. ತಮ್ಮ ಗಾಡಿಯ ಸವೆದ ಸಾಮಾನು ಅಣ್ಣನದಕ್ಕೆ, ಅಣ್ಣನದರ ಚಲೋದು ತಮ್ಮದಕ್ಕೆ. ಮೊದಲ ಸಲ ನಾನು ತಡೆದಾಗ ಹೇಳಿದ್ದರು:

“ಕಂಪನಿ ಒಂದ, ಹಡದ ತಾಯಿ ಒಂದ. ಅದರಾಗ ನಿಂದು ನಂದು ಏನೈತಿ? ತವರಾಗ ಸೀರಿ ಕೊಡೂದಿಲ್ಲೇನು? ಇದೂ ಹಂಗ.”

ಸೀರೆಯನ್ನು ತವರಿನವರೇ ಕೈಯಾರೆ ಕೊಡುತ್ತಾರೆ ಎನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಕೈಗೆ ಹೋಳಿಗೆ ಬಂತು. ಕಾರ್ಬೊರೇಟರ್ ಬದಲಿಸಿದ ವರ್ಷ, ಹೊತ್ತು ಹಿಡಿಯುತ್ತದೆಂದು ತಿಳಿದು, ಅಣ್ಣನ ತಾಟಿಗೆ ಎರಡೆರಡು ಬಡಿಸಿದೆ, ತುಪ್ಪ ಸುರಿದೆ. ತಂಗಿಯ ಅಕ್ಕರೆಗೆ ಅವನ ಕಣ್ಣು ತುಂಬಿತು. ಆಮೇಲೆ ನಿದ್ದೆಯೂ ಬಂತು.

ಆ ಸಂಜೆ ಮೋಟೆಬೆನ್ನೂರು ದಾಟಿದ್ದೇ ತಡ, ಜಾವಾ ಕೆಮ್ಮಿ ನಿಂತಿತು. ಅಣ್ಣ ನೂಕಿದ. ನಾನು ಉಂಡೆಯ ಡಬ್ಬಿ ಹೊತ್ತು, ಏನಾಯಿತೋ ಎಂದು ಬೆರಗುಪಡುತ್ತ ಹಿಂದೆ ನಡೆದೆ.

ಆ ಗಾಡಿಯನ್ನು ಅಣ್ಣ ಒಬ್ಬನಿಗೇ ಬಿಡುತ್ತಿದ್ದ: ಬ್ಯಾಡಗಿಯ ಮಿಸ್ತ್ರಿ ಬಸಣ್ಣನಿಗೆ. ಇಬ್ಬರೂ ಒಂದೇ ಜೋಕಾಲಿ ಜೀಕಿ ಬೆಳೆದವರು. ಬಸಣ್ಣ ಬಿಚ್ಚಿ ನೋಡಿ, “ಇದು ನಿನ್ನ ಗಾಡೀದಲ್ಲೋ ದೋಸ್ತ, ಯೆಜ್ಡಿದು” ಎಂದ.

“ನಿನ್ನ ಬಿಟ್ಟು ಇದನ್ನ ಬಿಚ್ಚಿದವರು ಮತ್ತ ಯಾರದಾರ?” ಎಂದ ಅಣ್ಣ.

ಬಸಣ್ಣ ನನ್ನ ಕಡೆ ನೋಡಿದ. ನಮ್ಮವರ ಯೆಜ್ಡಿ ಅವನಿಗೆ ಗೊತ್ತಿತ್ತು. ನಾನು ಸೆರಗು ಸರಿಮಾಡಿಕೊಂಡೆ. ಹಬ್ಬಕ್ಕೆ ಬಂದ ಊರಮಗಳ ಮುಖ ತಗ್ಗಿಸಬಾರದೆಂದೋ ಏನೋ, ಅವನು ಬಾಯಿ ಬಿಡಲಿಲ್ಲ. ಕಳ್ಳನೆನಿಸಿಕೊಂಡು ಸುಮ್ಮನೆ ಕೈ ಒರೆಸಿಕೊಂಡ.

ಅಂದಿನಿಂದ ಅಣ್ಣ ರಿಪೇರಿಗೆ ರಾಣೆಬೆನ್ನೂರಿಗೆ ಹೋದ. ಬಸಣ್ಣನ ಮಗಳ ಮದುವೆಗೆ ಹೋಗಲಿಲ್ಲ. ನಮ್ಮ ಯೆಜ್ಡಿ ಮಾತ್ರ ಕುದುರೆಯಂತೆ ಓಡಿತು. ಹಿಂದೆ ಕೂತು ಮೆರೆದವಳು ನಾನೇ.

ಮೊನ್ನೆ ಆ ಹುಡುಗ ಹೋದ ಮೇಲೆ ಅಣ್ಣನಿಗೆ ಫೋನು ಹಚ್ಚಿದೆ. ಎಲ್ಲ ಹೇಳಿದೆ. ಅವನು ಬೈದಿದ್ದರೆ ಹಗುರಾಗುತ್ತಿದ್ದೆ.

“ಬಸಣ್ಣ ದಿನಾ ನಮ್ಮ ಮನಿ ಮುಂದನ ಹಾದು ಹೋಗ್ತಾನ, ಗಂಗವ್ವ,” ಎಂದ. “ಅವ ಬಂದರ ನಾ ಎದ್ದು ಒಳಗ ಹೋಗ್ತೇನಿ.”

ನಾಳೆ ಬಸಣ್ಣ ಹಾದು ಹೋಗುವಾಗ ನಿನ್ನ ಮನೆಯ ಕಟ್ಟೆಯ ಮೇಲೆ ನಾನಿರುತ್ತೇನೆ, ನೀನೂ ಏಳಬೇಡ ಎಂದು ಹೇಳಿ ಫೋನಿಟ್ಟೆ.

ನಮ್ಮವರು ಪೇಪರಿನ ಹಿಂದಿನಿಂದ, ಮುಗಿದು ಹೋದ ಮಾತು ಈಗ ಯಾಕೆ ಎಂದರು. ಅವರ ಅಂಗಿಯನ್ನು ಗೂಟದಿಂದ ತೆಗೆದು ನಾಳೆಗೆಂದು ಇಸ್ತ್ರಿಗೆ ಇಟ್ಟೆ.

“ನಾನೂ ಬರಬೇಕೇನು?”

“ಬಿಚ್ಚಿದವರು ನೀವು, ಬಡಿಸಿದಾಕಿ ನಾನು,” ಎಂದೆ. “ನಾ ಒಬ್ಬಾಕಿ ಹೇಳಿದರ ಅರ್ಧಾ ಆಗತೈತಿ.”